ಕಚೇರಿ ಹೋದ ಊರಿನಿಂದ ಜಿಲ್ಲೆಯನ್ನು ಕಂಡಾಗ



ಕಳೆದ ಕಾರಹುಣ್ಣಿಮೆಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕರ್ಜಗಿಯ ಕಾರಹುಣ್ಣಿಮೆಯೆಂದರೆ ನಿಮಗೆ ಗೊತ್ತೇ ಇದೆ. ಎಲ್ಲಿ ನೌಕರಿಯಲ್ಲಿದ್ದರೂ ಬಂಡಿ ಓಟ ನೋಡಲು ಊರಿಗೆ ಬರುವವರು ಇನ್ನೂ ಇದ್ದಾರೆ. ಈತ ಈಗ ಕಂದಾಯ ಇಲಾಖೆಯಲ್ಲಿ ಅಧಿಕಾರಿ. ಯಾವ ತಾಲ್ಲೂಕು, ಯಾವ ಹುದ್ದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅವನ ಹೆಸರನ್ನೂ ಬರೆಯುವುದಿಲ್ಲ. ಸರ್ಕಾರಿ ನೌಕರಿಯಲ್ಲಿರುವವನು ಗುರುವಿನ ಮನೆಯ ಕಟ್ಟೆಯ ಮೇಲೆ ಕುಳಿತು ಆಡಿದ ಮಾತಿಗೆ ಹೊರಗೆ ಉತ್ತರ ಹೇಳಬೇಕಾದ ಪ್ರಸಂಗ ಬರಬಾರದು.

ಚಹಾ ಕುಡಿಯುತ್ತ ಅವನು ಒಂದು ಹಳೆಯ ಸಂಗತಿಯನ್ನು ನೆನಪಿಸಿದ. ಎಂಟನೆಯ ತರಗತಿಯ ಮೊದಲ ಇತಿಹಾಸ ಪಾಠದಲ್ಲಿ ನಾನು ಪ್ರತಿವರ್ಷವೂ ಒಂದು ಪ್ರಶ್ನೆ ಕೇಳುತ್ತಿದ್ದೆ: "ಒಂದು ಕಾಲಕ್ಕೆ ಹಾವೇರಿ ಯಾವ ತಾಲ್ಲೂಕಿನಲ್ಲಿತ್ತು?" ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಹಾವೇರಿಯೇ ತಾಲ್ಲೂಕು, ಅದು ಇನ್ನಾವ ತಾಲ್ಲೂಕಿನಲ್ಲಿ ಇರಲು ಸಾಧ್ಯ? ಉತ್ತರವನ್ನು ಕರಿಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಿದ್ದೆ: ಕರ್ಜಗಿ.

"ಸರ, ಆವತ್ತ ನಮಗ ಭಾಳ ಹೆಮ್ಮಿ ಅನಿಸಿತ್ರಿ," ಎಂದ ಅವನು. "ಈಗ ಕುರ್ಚಿ ಮ್ಯಾಲೆ ಕುಂತಾಗ ಬ್ಯಾರೆ ವಿಚಾರ ಬರತದರಿ. ಕಚೇರಿ ಒಂದ ಊರಿಗೆ ಯಾಕ ಬರತದ, ಯಾಕ ಬಿಟ್ಟ ಹೋಗತದ? ಬಂದರ ಊರಿಗೆ ಏನ ಸಿಗತದ? ಇದರ ಮ್ಯಾಲೆ ನೀವು ಏನರ ಬರೀರಿ."

ಶಿಷ್ಯನ ಅಪೇಕ್ಷೆಯಂತೆ ಬರೆಯಲು ಕುಳಿತಿದ್ದೇನೆ. ಅವನು ಬಂದ ನಿಜವಾದ ಕಾರಣ ಬೇರೆಯಿತ್ತು. ನಾನೇ ಅವನನ್ನು ಒಂದು ಕೆಲಸಕ್ಕಾಗಿ ಕರೆಸಿದ್ದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಹೆಸರಿದ್ದೂ ಕಚೇರಿಯಿಲ್ಲದ ಮೂರು ಊರುಗಳು

ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತ್ಯದ ಗ್ಯಾಜೆಟಿಯರಿನಲ್ಲಿ ಧಾರವಾಡ ಜಿಲ್ಲೆಯ ಸಂಪುಟ 1884ರಲ್ಲಿ ಪ್ರಕಟವಾಯಿತು. ಆಗ ಜಿಲ್ಲೆಯಲ್ಲಿ 11 ತಾಲ್ಲೂಕುಗಳಿದ್ದವು: ಧಾರವಾಡ, ಹುಬ್ಬಳ್ಳಿ, ಕಲಘಟಗಿ, ನವಲಗುಂದ, ರೋಣ, ಗದಗ, ಬಂಕಾಪುರ, ಕರ್ಜಗಿ, ಹಾನಗಲ್ಲ, ಕೋಡ ಮತ್ತು ರಾಣಿಬೆನ್ನೂರು. ಈ ಪಟ್ಟಿಯಲ್ಲಿ ಹಾವೇರಿ ಇಲ್ಲ, ಶಿಗ್ಗಾವಿ ಇಲ್ಲ, ಹಿರೇಕೆರೂರು ಇಲ್ಲ, ಬ್ಯಾಡಗಿಯೂ ಇಲ್ಲ. ಸವಣೂರು ನವಾಬರ ಸಂಸ್ಥಾನವಾಗಿದ್ದುದರಿಂದ ಅದು ಬ್ರಿಟಿಷ್ ತಾಲ್ಲೂಕುಗಳ ಪಟ್ಟಿಗೆ ಸೇರುವ ಪ್ರಶ್ನೆಯೇ ಇರಲಿಲ್ಲ.

ಕಾಲಕ್ರಮದಲ್ಲಿ ಕರ್ಜಗಿ ತಾಲ್ಲೂಕಿನ ಕಚೇರಿ ಹಾವೇರಿಯಲ್ಲಿ ನೆಲೆಯಾಯಿತು. ಬಂಕಾಪುರದ್ದು ಶಿಗ್ಗಾವಿಯಲ್ಲಿ, ಕೋಡದ್ದು ಹಿರೇಕೆರೂರಿನಲ್ಲಿ ನೆಲೆಯಾಯಿತು. ಕೆಲಕಾಲ ತಾಲ್ಲೂಕಿನ ಹೆಸರು ಒಂದು ಊರಿನದು, ಮಾಮಲೇದಾರ ಕಚೇರಿ ಇನ್ನೊಂದು ಊರಿನಲ್ಲಿ ಎಂಬ ಸ್ಥಿತಿಯಿತ್ತು. ಆಮೇಲೆ ಹೆಸರೂ ಕಚೇರಿಯ ಹಿಂದೆಯೇ ನಡೆದುಹೋಯಿತು. ಇಂದಿನ ಹಾವೇರಿ ಜಿಲ್ಲೆಯೊಳಗೆ ಹೀಗೆ ಮೂರು ಊರುಗಳು ತಮ್ಮ ತಾಲ್ಲೂಕಿನ ಹೆಸರನ್ನು ನೆರೆಯ ಊರಿಗೆ ಬಿಟ್ಟುಕೊಟ್ಟಿವೆ. ಕದಂಬರ, ರಾಷ್ಟ್ರಕೂಟರ ಕಾಲದಿಂದ ಹೆಸರಾಗಿದ್ದ ಬಂಕಾಪುರಕ್ಕೇ ಈ ಗತಿಯಾದ ಮೇಲೆ ಕರ್ಜಗಿಯವರು ನಾವು ಹೆಚ್ಚು ದುಃಖಿಸಬೇಕಾಗಿಲ್ಲ!

ಕಚೇರಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ದಾರಿ ಮತ್ತು ಪೇಟೆ ನಿರ್ಧರಿಸುತ್ತವೆ. ಪುಣೆ–ಬೆಂಗಳೂರು ದೊಡ್ಡ ರಸ್ತೆ ಹಾವೇರಿಯ ಮಗ್ಗುಲಲ್ಲಿ ಹಾದಿದೆ. ನಮಗೆ ವರದಾ ನದಿ ಇತ್ತು, ಫಲವತ್ತಾದ ಎರೆ ಭೂಮಿ ಇತ್ತು, ರೈಲು ನಿಲ್ದಾಣವೂ ಬಂತು. ಆದರೆ ವ್ಯಾಪಾರಸ್ಥರು ಹಾವೇರಿಯಲ್ಲಿ ಕೂಡಿದರು. ವ್ಯಾಪಾರಸ್ಥರು ಇದ್ದಲ್ಲಿ ವಕೀಲರು, ವಕೀಲರು ಇದ್ದಲ್ಲಿ ಕೋರ್ಟು, ಹೀಗೆ ಒಂದನ್ನೊಂದು ಎಳೆದುಕೊಂಡು ಬಂದವು.

ಅಂದಿನ ಅಧಿಕಾರಿ ಕಂಡದ್ದು

ಪೇಶ್ವೆಯವರ ಆಳ್ವಿಕೆ 1818ರಲ್ಲಿ ಮುಗಿದು ಈ ಭಾಗ ಕಂಪನಿಯ ಕೈಸೇರಿತು. ಆ ಕಾಲದ ಕಲೆಕ್ಟರರ ಮುಂದಿದ್ದ ಸಮಸ್ಯೆ ಇಂದಿನದಕ್ಕೆ ತದ್ವಿರುದ್ಧವಾದುದು. ಭೂಮಿ ಬೇಕಾದಷ್ಟಿತ್ತು; ಉಳುವ ಜನ ಸಾಲುತ್ತಿರಲಿಲ್ಲ. ಕಂದಾಯದ ಹೊರೆ ತಾಳಲಾರದೆ ರೈತರು ಹೊಲ ಬಿಟ್ಟು ಹೋಗುತ್ತಿದ್ದರು. ಬಿಟ್ಟ ಹೊಲ ಬೀಳು ಬೀಳುತ್ತಿತ್ತು, ಬೀಳು ಬಿದ್ದರೆ ಸರ್ಕಾರಕ್ಕೆ ಹಣವಿಲ್ಲ.

ಇದಕ್ಕೆ ಪರಿಹಾರವಾಗಿ 1840ರ ದಶಕದಲ್ಲಿ ಕ್ಯಾಪ್ಟನ್ ಜಾರ್ಜ್ ವಿಂಗೇಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಧಾರವಾಡ ಜಿಲ್ಲೆಯ ಸರ್ವೆ ನಡೆಯಿತು. ಪ್ರತಿಯೊಂದು ಹೊಲವನ್ನು ಅಳೆದು, ನಂಬರು ಕೊಟ್ಟು, ಬಾಂದಗಲ್ಲು ನೆಟ್ಟರು. ಮಣ್ಣಿನ ಬಣ್ಣ, ಆಳ, ದೋಷಗಳನ್ನು ನೋಡಿ ಆಣೆಯ ಲೆಕ್ಕದಲ್ಲಿ ದರ್ಜೆ ನಿಗದಿ ಮಾಡಿದರು. ಪೇಟೆ ಎಷ್ಟು ದೂರವಿದೆ, ಮಳೆ ಹೇಗಿದೆ ಎಂಬುದನ್ನೂ ಗಣನೆಗೆ ತೆಗೆದುಕೊಂಡು 30 ವರ್ಷಗಳವರೆಗೆ ಬದಲಾಗದ ಕಂದಾಯ ಗೊತ್ತುಮಾಡಿದರು. ರೈತನು ಬಾವಿ ತೋಡಿಸಿ ಹೊಲ ಸುಧಾರಿಸಿದರೂ ಆ ಅವಧಿಯಲ್ಲಿ ಕಂದಾಯ ಏರುವಂತಿರಲಿಲ್ಲ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಇವರ ಹೆಸರಿನೊಡನೆ ಪ್ರಸಿದ್ಧವಾದ ಈ ಪದ್ಧತಿ ಇಡೀ ಮುಂಬಯಿ ಪ್ರಾಂತ್ಯಕ್ಕೆ ಮಾದರಿಯಾಯಿತು.

ನಿಮ್ಮ ಮನೆಯ ಉತಾರ ತೆಗೆದು ನೋಡಿರಿ. ಅದರಲ್ಲಿರುವ ಸರ್ವೆ ನಂಬರಿನ ಮೂಲ ಆ ಅಳತೆಯೇ. ನಂಬರಿನ ಮುಂದೆ ಇರುವ ಹಿಸ್ಸಾ ಸಂಖ್ಯೆಗಳು ಮಾತ್ರ ನಮ್ಮ ನಮ್ಮ ಮನೆತನಗಳು ಒಡೆದ ಕಥೆಯನ್ನು ಹೇಳುತ್ತವೆ. ವಿಂಗೇಟರ ಕಾಲದಲ್ಲಿ ಒಂದೇ ಆಗಿದ್ದ ನಮ್ಮ ಹೊಲಕ್ಕೆ ಈಗ ಏಳು ಹಿಸ್ಸೆಗಳು.

ಆ ಸರ್ವೆಯ ಮೊದಲ ಮೂವತ್ತು ವರ್ಷ ಮುಗಿಯುವ ಹೊತ್ತಿಗೆ 1876–78ರ ಧಾತು–ಈಶ್ವರ ಸಂವತ್ಸರಗಳ ಬರ ಬಂತು. 1872ರ ಎಣಿಕೆಗೆ ಹೋಲಿಸಿದರೆ 1881ರಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು ಒಂದು ಲಕ್ಷದಷ್ಟು ಕಡಿಮೆಯಾಗಿತ್ತು. ಇದ್ದಲ್ಲಿಂದ ಇಲ್ಲದಲ್ಲಿಗೆ ಕಾಳು ಸಾಗಿಸಲು ದಾರಿಯಿರಲಿಲ್ಲ. ಸಾಗಿಸಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತವು. ಅಧಿಕಾರಿಗಳ ದೃಷ್ಟಿ ರೈಲಿನತ್ತ ಹೊರಳಿದ್ದು ಆಗ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಆ ದಶಕದಲ್ಲಿಯೇ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಳಿಗಳು ಬಂದವು. ಕರ್ಜಗಿಯ ನಿಲ್ದಾಣ ಆ ಬರದ ಕೂಸು ಎಂದು ನಾನು ಪಾಠದಲ್ಲಿ ಹೇಳುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು.

ಇನ್ನೊಬ್ಬ ಅಧಿಕಾರಿಯನ್ನು ಇಲ್ಲಿ ಸ್ಮರಿಸದಿದ್ದರೆ ಶಿಕ್ಷಕನಾದ ನನಗೆ ದೋಷ ತಟ್ಟೀತು. ಡೆಪ್ಯುಟಿ ಚನ್ನಬಸಪ್ಪನವರು (1834–1881) ಶಿಕ್ಷಣ ಇಲಾಖೆಯ ಅಧಿಕಾರಿಯಾಗಿ ಮರಾಠಿ ಶಾಲೆಗಳು ನಡೆಯುತ್ತಿದ್ದ ಈ ನಾಡಿನಲ್ಲಿ ಕನ್ನಡ ಶಾಲೆಗಳನ್ನು ತೆರೆಸಲು ದುಡಿದರು. ಜಿಲ್ಲೆಯ ಕೊರತೆಯೇನು ಎಂದು ಕಂದಾಯದ ಅಧಿಕಾರಿಯನ್ನು ಕೇಳಿದ್ದರೆ ಬೀಳು ಭೂಮಿ ಎನ್ನುತ್ತಿದ್ದ. ಚನ್ನಬಸಪ್ಪನವರಿಗೆ ತಾಯ್ನುಡಿಯಲ್ಲಿ ಓದಲಾರದ ಮಕ್ಕಳು ಕಂಡರು. ಅದೇ ಸರ್ಕಾರದ ಸಂಬಳ ಉಂಡರೂ ಇಬ್ಬರ ಕಣ್ಣು ಬೇರೆ ಬೇರೆ ಕಡೆಗೆ ಹೋಗಿತ್ತು.

ಹೊಸರಿತ್ತಿಯಲ್ಲಿ ಉತ್ತರ

ಜನರು ಕಚೇರಿಯನ್ನು ಹೇಗೆ ಕಂಡರು ಎಂಬುದಕ್ಕೆ ನಮ್ಮ ತಾಲ್ಲೂಕಿನ ಹೊಸರಿತ್ತಿಯೇ ಸಾಕ್ಷಿ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರ ದಂಡಿ ಯಾತ್ರೆಯಲ್ಲಿ ನಡೆದವರು. ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ ಅವರ ತಂಡ ಸರ್ಕಾರದ ಕಂದಾಯ ವಸೂಲಿಯನ್ನೇ ಗುರಿಯಾಗಿಸಿಕೊಂಡಿತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ವಸೂಲಾದ ಹಣಕ್ಕೆ ಕಾವಲಿದ್ದ ಪೊಲೀಸರ ಗುಂಡಿಗೆ ಮಹಾದೇವಪ್ಪನವರು, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಬಲಿಯಾದರು. ಅದಕ್ಕೂ ಮೊದಲು 1930ರ ದಶಕದ ಆರಂಭದಲ್ಲಿ ಹಿರೇಕೆರೂರು ತಾಲ್ಲೂಕಿನ ರೈತರು ಕರನಿರಾಕರಣೆ ನಡೆಸಿ ಜಮೀನು ಕಳೆದುಕೊಂಡಿದ್ದರು.

ಸರ್ವೆ ಎಷ್ಟೇ ಚೊಕ್ಕವಾಗಿದ್ದರೂ, ಕೊಟ್ಟ ಹಣ ಎಲ್ಲಿ ಹೋಗುತ್ತದೆ ಎಂದು ಕೇಳುವ ಹಕ್ಕು ರೈತನಿಗೆ ಇರಲಿಲ್ಲ. ಆ ಹಕ್ಕಿಗಾಗಿ ಈ ಮೂವರು ಪ್ರಾಣ ಕೊಟ್ಟರು. ಇಂದು ಗ್ರಾಮಸಭೆಯಲ್ಲಿ ಹತ್ತು ಜನ ಸೇರದಿದ್ದಾಗ ನನಗೆ ಹೊಸರಿತ್ತಿ ನೆನಪಾಗುತ್ತದೆ.

ಜಿಲ್ಲೆ ಬಂದ ದಿನ

ಸ್ವಾತಂತ್ರ್ಯಾನಂತರ 1951ರಲ್ಲಿ ಮುಂಬಯಿ ಸರ್ಕಾರದ ಕಾಯಿದೆಯಿಂದ ಕುಲಕರ್ಣಿ ವತನ ರದ್ದಾಗಿ ಸಂಬಳದ ತಲಾಟಿಗಳು ಬಂದರು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆದರೆ ಜಿಲ್ಲಾ ಕಚೇರಿ ಮಾತ್ರ ಧಾರವಾಡದಲ್ಲಿಯೇ ಉಳಿಯಿತು. ಹಾವೇರಿಯಿಂದಲೇ ಅದು ನೂರು ಕಿಲೋಮೀಟರಿನ ಹತ್ತಿರ. ರಟ್ಟೀಹಳ್ಳಿ, ಹಲಗೇರಿಗಳ ಕಡೆಯವರಿಗೆ ಇನ್ನೂ ದೂರ. ಒಂದು ಸಹಿಗಾಗಿ ನಸುಕಿನಲ್ಲಿ ಎದ್ದು, ಬುತ್ತಿ ಕಟ್ಟಿಕೊಂಡು ಹೋದವರು 'ಸಾಹೇಬರು ದೌರಾದಾಗ ಅದಾರ' ಎಂಬ ಮಾತು ಕೇಳಿ ಬರಿಗೈಯಲ್ಲಿ ಮರಳುತ್ತಿದ್ದರು. ನನ್ನ ತಂದೆಯವರು ಒಂದು ವಾಟ್ನಿ ಪ್ರಕರಣಕ್ಕಾಗಿ ಹಾಗೆ ಒಂಬತ್ತು ಸಲ ಹೋದದ್ದನ್ನು ನಾನು ಬಲ್ಲೆ. ಹತ್ತನೆಯ ಸಲ ಹೋಗಲು ಅವರು ಬದುಕಿರಲಿಲ್ಲ.

1980ರ ದಶಕದಲ್ಲಿ ಹುಂಡೇಕರ ಸಮಿತಿ, ಗದ್ದಿಗೌಡರ ಸಮಿತಿಗಳು ಜಿಲ್ಲೆಗಳ ಮರುವಿಂಗಡಣೆಯ ವಿಚಾರ ಮಾಡಿದವು. ಕೊನೆಗೆ ಜೆ. ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ ಏಳು ಹೊಸ ಜಿಲ್ಲೆಗಳು ಹುಟ್ಟಿದವು. ಆಗಸ್ಟ್ 24ರಂದು ಹಾವೇರಿ ಜಿಲ್ಲೆ ಅಸ್ತಿತ್ವಕ್ಕೆ ಬಂತು. ಹಾವೇರಿ, ರಾಣಿಬೆನ್ನೂರು, ಬ್ಯಾಡಗಿ, ಹಿರೇಕೆರೂರು, ಹಾನಗಲ್ಲ, ಸವಣೂರು, ಶಿಗ್ಗಾವಿ ಎಂಬ ಏಳು ತಾಲ್ಲೂಕುಗಳು. ಮುಂದೆ ರಟ್ಟೀಹಳ್ಳಿ ಎಂಟನೆಯದಾಯಿತು. ಆ ದಿನಗಳಲ್ಲಿ ನಾನು ತರಗತಿಯಲ್ಲಿ, "ಇನ್ನು ಮುಂದೆ ಕಚೇರಿ ನಿಮ್ಮ ಹಿತ್ತಲಕ್ಕೇ ಬಂತು, ನಿಮ್ಮ ಅಪ್ಪಂದಿರು ಅಲೆಯಬೇಕಾಗಿಲ್ಲ" ಎಂದು ಹೇಳಿದ್ದೆ. ಆ ಮಾತು ಅರ್ಧ ನಿಜವಾಯಿತು. ಅಲೆಯುವ ದೂರ ಕಡಿಮೆಯಾಯಿತು, ಅಲೆಯುವ ಸಲಗಳು ಅಷ್ಟು ಕಡಿಮೆಯಾಗಲಿಲ್ಲ.

ಅಧಿಕಾರಿಯ ಕುರ್ಚಿಯಿಂದ

ಈಗ ನನ್ನ ಶಿಷ್ಯನ ಮಾತಿಗೆ ಬರುತ್ತೇನೆ. "ಜಿಲ್ಲಾ ಬೆಳದೈತಿ ಅಂತಾರಲ್ಲಪಾ, ನಿನಗೇನ ಕಾಣತದ?" ಎಂದು ಕೇಳಿದೆ. ಅವನು ಮೊದಲು ಜನಗಣತಿಯ ಲೆಕ್ಕ ಹೇಳಿದ.

2001ರಲ್ಲಿ ಹಾವೇರಿ ಜಿಲ್ಲೆಯ ಜನಸಂಖ್ಯೆ 14,39,116. 2011ರಲ್ಲಿ 15,97,668. ಹತ್ತು ವರ್ಷಗಳಲ್ಲಿ ನೂರಕ್ಕೆ 11ರಷ್ಟು ಏರಿಕೆ. ಅದೇ ಅವಧಿಯಲ್ಲಿ ಇಡೀ ಕರ್ನಾಟಕದ ಏರಿಕೆ ನೂರಕ್ಕೆ 15ಕ್ಕಿಂತ ಹೆಚ್ಚು. ಪಟ್ಟಣವಾಸಿಗಳು ನೂರಕ್ಕೆ ಸುಮಾರು 22 ಮಾತ್ರ, ಉಳಿದವರೆಲ್ಲ ಹಳ್ಳಿಯವರು. 2021ರಲ್ಲಿ ನಡೆಯಬೇಕಾಗಿದ್ದ ಗಣತಿ ಆ ವರ್ಷ ನಡೆಯದ ಕಾರಣ ಅವನೂ ನಾನೂ 2011ರ ಲೆಕ್ಕದ ಮೇಲೆಯೇ ಮಾತನಾಡಬೇಕಾಯಿತು.

"ನೋಡ್ರಿ ಸರ, ಮಂದಿ ಭಾಳ ಹೆಚ್ಚಾಗಿಲ್ಲ. ಕಲತ ಹುಡುಗರು ಬೆಂಗಳೂರು, ಹುಬ್ಬಳ್ಳಿ ಅಂತ ಹೋಗ್ಯಾರ. ಆದ್ರ ಮನಿ ಹೆಚ್ಚಾಗ್ಯಾವ, ಬೋರ್‌ವೆಲ್ ಹೆಚ್ಚಾಗ್ಯಾವ, ಗಾಡಿ ಹೆಚ್ಚಾಗ್ಯಾವ, ಅರ್ಜಿ ಹೆಚ್ಚಾಗ್ಯಾವ. ನಮ್ಮ ಕಚೇರಿಯೊಳಗ ಕುರ್ಚಿ ಅಷ್ಟ ಅದಾವ, ಅದರಾಗ ಅರ್ಧಾ ಖಾಲಿ."

ಅವನ ಮಾತಿನಲ್ಲಿ ನಾಲ್ಕು ಚಿಂತೆಗಳು ಬಂದವು. ಅವುಗಳನ್ನು ನನ್ನ ಮಾತಿನಲ್ಲಿ ಕ್ರಮವಾಗಿ ಇಡುತ್ತೇನೆ.

ಮೊದಲನೆಯದು ನೀರು. ವರದೆ ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಸುತ್ತಿ, ನಮ್ಮೂರ ಹತ್ತಿರ ಹಾದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತಾಳೆ. 2019ರ ಆಗಸ್ಟಿನಲ್ಲಿ ಇದೇ ವರದೆ ಉಕ್ಕಿ ದಂಡೆಯ ಹಳ್ಳಿಗಳ ಮನೆಗಳನ್ನು ಕೆಡವಿದಳು, ಜನ ಕಾಳಜಿ ಕೇಂದ್ರಗಳಲ್ಲಿ ಮಲಗಿದರು. ಬೇಸಿಗೆ ಬಂದರೆ ಅದೇ ಪಾತ್ರದಲ್ಲಿ ಕುಡಿಯುವ ನೀರಿಗೆ ವರ್ತಿ ತೋಡಬೇಕು. ಒಂದೇ ವರ್ಷದಲ್ಲಿ ಒಬ್ಬನೇ ಅಧಿಕಾರಿ ನೆರೆ ಪರಿಹಾರದ ಪಟ್ಟಿಯನ್ನೂ ಟ್ಯಾಂಕರ್ ನೀರಿನ ಪಟ್ಟಿಯನ್ನೂ ತಯಾರಿಸಬೇಕಾಗುತ್ತದೆ. ತುಂಗಾ ಮೇಲ್ದಂಡೆ ಕಾಲುವೆ ಜಿಲ್ಲೆಯ ಒಂದು ಭಾಗಕ್ಕೆ ನೀರು ತಂದಿತು. ಆದರೆ ಹಿರಿಯರು ಕಟ್ಟಿದ ಕೆರೆಗಳ ಹೂಳು ಹಾಗೆಯೇ ಇದ್ದರೆ, ಸುರಿದ ಮಳೆಯನ್ನು ಬೇಸಿಗೆಯವರೆಗೆ ಹಿಡಿದಿಡುವ ಪಾತ್ರೆಯೇ ಇಲ್ಲದಂತಾಗುತ್ತದೆ. ಮರಳು ತೆಗೆದ ನದಿಯ ತಳ ನೀರನ್ನು ಇಂಗಿಸಿಕೊಳ್ಳುವುದೂ ಇಲ್ಲ.

ಎರಡನೆಯದು ಪೇಟೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಹೆಸರು ನಮ್ಮದಾದರೂ ಬ್ಯಾಡಗಿಯ ಪೇಟೆಗೆ ಇಂದು ಬಳ್ಳಾರಿ, ರಾಯಚೂರು, ಆಂಧ್ರಗಳಿಂದಲೂ ಚೀಲಗಳು ಬರುತ್ತವೆ. ನಮ್ಮ ಹೊಲಗಳಲ್ಲಿ ಹತ್ತಿ, ಜೋಳ, ಮೆಣಸಿನಕಾಯಿಗಳ ಜಾಗವನ್ನು ಗೋವಿನಜೋಳ ಬಹಳಷ್ಟು ಆಕ್ರಮಿಸಿದೆ. 2024ರ ಮಾರ್ಚ್ 11ರಂದು ದರ ಕುಸಿದದ್ದರಿಂದ ರೊಚ್ಚಿಗೆದ್ದ ರೈತರು ಬ್ಯಾಡಗಿಯ ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದರು. ಅದಕ್ಕೆ 16 ವರ್ಷ ಮೊದಲು, 2008ರ ಜೂನ್ 10ರಂದು, ಹಾವೇರಿಯಲ್ಲಿ ರಸಗೊಬ್ಬರ ಕೇಳಲು ಬಂದ ರೈತರ ಮೇಲೆ ಗೋಲಿಬಾರ್ ಆಗಿ ಪ್ರಾಣಹಾನಿಯಾಗಿತ್ತು. ಹತ್ತು ವರ್ಷದ ಲೆಕ್ಕದಲ್ಲಿ ಬೆಳವಣಿಗೆಯಂತೆ ಕಾಣುವ ಜಿಲ್ಲೆಯಲ್ಲಿ, ಒಂದು ವಾರ ಗೊಬ್ಬರ ಬರದಿದ್ದರೆ, ಒಂದು ದಿನ ದರ ಬಿದ್ದರೆ, ರೈತನ ಇಡೀ ವರ್ಷ ಮುಳುಗುತ್ತದೆ. ಮೊದಲು ಅವನ ಎದುರಿಗೆ ಸಿಗುವವನು ಸ್ಥಳೀಯ ಅಧಿಕಾರಿ. ದರ ನಿರ್ಧರಿಸುವ ಶಕ್ತಿ ಅವನಿಗಿಲ್ಲ. ಉತ್ತರ ಹೇಳುವ ಹೊಣೆ ಮಾತ್ರ ಅವನದು.

ಮೂರನೆಯದು ಕಟ್ಟಡ ಮತ್ತು ಮನುಷ್ಯ. ಜಿಲ್ಲೆಯಾದ ಮೇಲೆ ದೇವಗಿರಿಯಲ್ಲಿ ಜಿಲ್ಲಾಡಳಿತ ಭವನವಾಯಿತು. 2022–23ರ ಸಾಲಿನಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯ ಘೋಷಣೆಯಾಯಿತು. ಆದರೆ 2025ರಲ್ಲಿ ಹಣದ ಕೊರತೆಯ ಕಾರಣಕ್ಕೆ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸರ್ಕಾರದ ಮಟ್ಟದಲ್ಲಿಯೇ ಬಂದಾಗ ಆ ಪಟ್ಟಿಯಲ್ಲಿ ನಮ್ಮದೂ ಇತ್ತು. ನಾವು ಬಿ.ಎಡ್. ಮಾಡಲು ಧಾರವಾಡಕ್ಕೆ ಹೋಗಿ ಖಾನಾವಳಿಯ ರೊಟ್ಟಿ ತಿಂದವರು. ಬಡವರ ಮನೆಯ ಹೆಣ್ಣುಮಕ್ಕಳು ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಮನೆಗೆ ಮರಳಿ ಎಂ.ಎ. ಓದುವುದಾದರೆ ಅದರ ಬೆಲೆಯೇನೆಂದು ನಮಗೆ ಗೊತ್ತು. ಹಾಗೆಂದು ಅಧ್ಯಾಪಕರಿಲ್ಲದ ಕಟ್ಟಡವನ್ನು ವಿಶ್ವವಿದ್ಯಾಲಯ ಎಂದು ಕರೆದು ಸಮಾಧಾನಪಡುವುದೂ ಕಷ್ಟ. ಎರಡೂ ಮಾತು ನಿಜ.

ನಾಲ್ಕನೆಯದು ಪಂಚಾಯತಿಯ ಬೊಕ್ಕಸ. 1983ರ ಕಾಯಿದೆಯ ಪ್ರಕಾರ 1987ರಲ್ಲಿ ಚುನಾವಣೆ ನಡೆದು ಮಂಡಲ ಪಂಚಾಯತಿಗಳು ಬಂದಾಗ, ಅದರ ಹಿಂದಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ 'ನೀರ್ ಸಾಬ್' ಎಂದು ಪ್ರೀತಿಯಿಂದ ಕರೆದರು. ಹಳ್ಳಿ ಹಳ್ಳಿಗೆ ಕೈಪಂಪು ಹಾಕಿಸಿದ ಪುಣ್ಯಾತ್ಮ. 1993ರ ಕಾಯಿದೆಯಿಂದ ಗ್ರಾಮ ಪಂಚಾಯತಿಗಳಾದವು. ದೀಪ, ನೀರು, ಗಟಾರ, ಕಸ ಎಲ್ಲವೂ ಪಂಚಾಯತಿಯದೇ ಹೊಣೆ. ಅದರ ಸ್ವಂತ ಆದಾಯವೆಂದರೆ ಮುಖ್ಯವಾಗಿ ಮನೆಪಟ್ಟಿ, ನೀರಿನ ಪಟ್ಟಿ. ಅದನ್ನು ವಸೂಲು ಮಾಡಲು ಹೋದರೆ, "ಮುಂದಿನ ಸಲ ಓಟ ಬ್ಯಾಡೇನ?" ಎಂದು ಸದಸ್ಯರನ್ನೇ ಕೇಳುವವರಿದ್ದಾರೆ. ಹೊಸರಿತ್ತಿಯಲ್ಲಿ ಪ್ರಾಣ ಕೊಟ್ಟವರು ಪರಕೀಯ ಸರ್ಕಾರಕ್ಕೆ ಕಂದಾಯ ನಿರಾಕರಿಸಿದರು. ನಾವು ಆರಿಸಿದ ಪಂಚಾಯತಿಗೆ ಕೊಡದೆ, ಬೀದಿದೀಪ ಯಾಕಿಲ್ಲ ಎಂದು ಕೇಳುವುದು ಆ ಪರಂಪರೆಗೆ ಸೇರುವುದಿಲ್ಲ.

ನಮ್ಮ ಹೊಲದ ಕಥೆ

ಇನ್ನು ನಾನು ಅವನನ್ನು ಕರೆಸಿದ ಕಾರಣ. ತಮ್ಮನಿಗೆ ಓದಿ ತೋರಿಸಿ, ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಬಂಧುಗಳು ಅನ್ಯಥಾ ಭಾವಿಸಬಾರದು.

ಹಾವೇರಿ ರಸ್ತೆಯ ಬದಿಗೆ ನಮ್ಮ ಪಾಲಿಗೆ ಎರಡು ಎಕರೆ ಇದೆ. ನಮ್ಮ ಅಜ್ಜ ಒಡ್ಡು ಹಾಕಿಸಿದ ಹೊಲ. ತಮ್ಮನಿಗೆ ಸಾಲವಿದೆ, ಮಗಳ ನರ್ಸಿಂಗ್ ಓದು ಇನ್ನೂ ಎರಡು ವರ್ಷವಿದೆ. ಗೋವಿನಜೋಳದಿಂದ ಆ ಸಾಲ ತೀರುವುದಿಲ್ಲವೆಂದು ಲೆಕ್ಕ ಹಾಕಿ ತೋರಿಸಿದ, ಲೆಕ್ಕದಲ್ಲಿ ತಪ್ಪಿರಲಿಲ್ಲ. ಬಿನ್‌ಶೇತ್ಕಿ ಮಾಡಿಸಿ ಪ್ಲಾಟು ಹಾಕಿದರೆ ಎಲ್ಲ ತೀರಿ ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ. ನನ್ನ ಸಹಿ ಬೇಕು. ಕಾಗದಪತ್ರ ಒಂದು ಕಚೇರಿಯಲ್ಲಿ ಹಲವು ತಿಂಗಳಿಂದ ಕುಳಿತಿದ್ದವು. ಶಿಷ್ಯನಿಗೆ ಒಂದು ಮಾತು ಹೇಳಿದರೆ ದಾರಿಯಾದೀತು ಎಂಬ ಆಸೆಯಿಂದ ಅವನನ್ನು ಕರೆಸಿದ್ದೆ. ವಶೀಲಿ ಕೆಟ್ಟದ್ದೆಂದು ಮೂವತ್ತು ವರ್ಷ ಪಾಠ ಹೇಳಿದ ನಾನು ಅಂದು ಮಾಡಹೊರಟದ್ದು ವಶೀಲಿಯೇ. ಇದನ್ನು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ.

ಅವನು ನಕ್ಷೆಯನ್ನು ಕಟ್ಟೆಯ ಮೇಲೆ ಹಾಸಿ ಬಹಳ ಹೊತ್ತು ನೋಡಿದ. ಅಜ್ಜನ ಒಡ್ಡಿನ ಗುಂಟ ಹರಿಯುವ ಸಣ್ಣ ಹಳ್ಳದ ಮೇಲೆ ಬೆರಳಿಟ್ಟ.

"ಸರ, ಇದು ಎಲ್ಲಿಗೆ ಹೋಗತದರಿ?"

"ಕೆರಿಗೆ ಹೋಗತದ, ಅಲ್ಲಿಂದ ಹೊಳಿಗೆ."

"ನಕ್ಷೆದಾಗ ಇದರ ಮ್ಯಾಲೆ ಐದು ಪ್ಲಾಟ ಅದಾವರಿ. ಮಳಿ ಬಂದರ ಈ ನೀರ ಎಲ್ಲಿಗೆ ಹೋಗಬೇಕ್ರಿ? ಕೆಳಗ ಇರೂ ಮನಿಯೊಳಗ ಹೋಗತದ. ಆವಾಗ ಆ ಮಂದಿ ಪರಿಹಾರ ಕೇಳಾಕ ನನ್ನ ಕಡೆನ ಬರತಾರ."

ನಾನು ಮಾತಾಡಲಿಲ್ಲ. ಅವನೇ ಮುಂದುವರಿದು ತಲೆ ತಗ್ಗಿಸಿ ಹೇಳಿದ: "ನೀವ ಕಲಿಸಿದ್ದರಿ. ಕೆರಿಗೆ ನೀರ ತರೂ ಹಳ್ಳ ಮುಚ್ಚಿದ ಊರು ಉಳಿಯಾಂಗಿಲ್ಲ ಅಂತ. ನಿಮ್ಮ ಕಾಗದ ತಡಿಯಾಕ ನನಗ ಹಕ್ಕಿಲ್ರಿ, ಅದು ನನ್ನ ಕಚೇರಿದೂ ಅಲ್ಲ. ಲಗೂ ಮಾಡ್ರಿ ಅಂತ ಹೇಳಾಕ ಮಾತ್ರ ಮನಸ್ಸ ಒಪ್ಪೂದಿಲ್ರಿ. ತಪ್ಪ ತಿಳೀಬ್ಯಾಡ್ರಿ."

ತಪ್ಪು ತಿಳಿಯುವುದೆಲ್ಲಿ ಬಂತು? ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮರುದಿನ ತಮ್ಮನೊಡನೆ ಹೊಲಕ್ಕೆ ಹೋದೆ. ಅವನು ಮೊದಲು ಸಿಟ್ಟಾದ. "ಅಣ್ಣಾ, ನಿನಗ ಪೆನ್ಶನ್ ಐತಿ, ಅದಕ್ಕ ಹಳ್ಳ ಕಾಣತದ. ನನಗ ಬಡ್ಡಿ ಕಾಣತದ," ಎಂದ. ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಜಿಲ್ಲೆಯ ಹೊಲಗಳೆಲ್ಲ ಹೀಗೆಯೇ, ಒಬ್ಬೊಬ್ಬ ತಮ್ಮನ ಬಡ್ಡಿಯ ಲೆಕ್ಕದಲ್ಲಿ, ಪ್ಲಾಟುಗಳಾಗುತ್ತಿವೆ ಎಂಬುದು ನನಗೆ ಅಲ್ಲಿ ಹೊಳೆಯಿತು.

ನಾಲ್ಕಾರು ದಿನ ಮಾತುಕತೆ ನಡೆಯಿತು. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ರಸ್ತೆ ಕಡೆಯ ಒಂದು ಎಕರೆ ಮಾತ್ರ ಬಿನ್‌ಶೇತ್ಕಿಗೆ ಹೋಗುತ್ತದೆ. ಹಳ್ಳ, ಒಡ್ಡು ಮತ್ತು ಕೆಳಗಿನ ಎಕರೆ ಹೊಲವಾಗಿಯೇ ಉಳಿಯುತ್ತವೆ. ಮಾರಿದ ಎಕರೆಯಲ್ಲಿ ನನ್ನ ಪಾಲಿನ ಹಣವನ್ನು ತಮ್ಮನ ಸಾಲಕ್ಕೆ ಬಿಟ್ಟೆ. ಕೆಳಗಿನ ಎಕರೆಯಲ್ಲಿ ಅವನ ಪಾಲನ್ನು ನನಗೆ ಬಿಡಬೇಕೆಂದು ಅವನು ತಾನಾಗಿಯೇ ಹೇಳಿದ. ಹೊಸ ನಕ್ಷೆಯೊಡನೆ ಅರ್ಜಿ ಮತ್ತೆ ಸರದಿಯಲ್ಲಿ ಕುಳಿತಿದೆ. ಈ ಸಲ ಯಾರಿಗೂ ಹೇಳಿಸಿಲ್ಲ. ತಡವಾಗುತ್ತದೆ, ತಮ್ಮನ ಬಡ್ಡಿಯೂ ಓಡುತ್ತದೆ. ಆ ಬಡ್ಡಿಯನ್ನು ಸದ್ಯ ನನ್ನ ಪೆನ್ಶನ್ನಿನಿಂದ ಕಟ್ಟುತ್ತಿದ್ದೇನೆ.

ವಿಂಗೇಟರ ಕಾಲದ ಅಧಿಕಾರಿಗೆ ಉಳುವವರಿಲ್ಲದ ಭೂಮಿ ಕಂಡಿತು, ಚನ್ನಬಸಪ್ಪನವರಿಗೆ ಶಾಲೆಯಿಲ್ಲದ ಮಗು ಕಂಡಿತು, ನನ್ನ ಶಿಷ್ಯನಿಗೆ ನಕ್ಷೆಯಲ್ಲಿ ಅಳಿಸಿಹೋಗುತ್ತಿದ್ದ ಹಳ್ಳ ಕಂಡಿತು. ಅದೇ ಹೊಲದಲ್ಲಿ ಆಡಿ ಬೆಳೆದ ನನಗೆ ಅದು ಕಂಡಿರಲಿಲ್ಲ ಎಂಬುದು ನನ್ನನ್ನು ಇನ್ನೂ ಕಾಡುತ್ತಿದೆ. ಕರ್ಜಗಿಯ ಕಚೇರಿ ಹೋದದ್ದಕ್ಕೆ ವಿದ್ಯಾರ್ಥಿಗಳ ಮುಂದೆ ಎಷ್ಟೋ ಸಲ ವ್ಯಥೆಪಟ್ಟಿದ್ದೇನೆ. ಕಚೇರಿಯಿದ್ದೂ ಅದರೊಳಗೆ ಇಂಥ ಒಬ್ಬ ಮನುಷ್ಯ ಇರದಿದ್ದರೆ ನಮಗೆ ಏನು ಸಿಗುತ್ತಿತ್ತು?

ನಿಮ್ಮಲ್ಲಿ ಹಲವರು ಇಂದು ಸರ್ಕಾರಿ ಹುದ್ದೆಗಳಲ್ಲಿದ್ದೀರಿ. ಕೆಲವರು ಪಂಚಾಯತಿ ಸದಸ್ಯರಾಗಿದ್ದೀರಿ. ಅನೇಕರು ಬೆಂಗಳೂರಿನಿಂದ ಫೋನಿನಲ್ಲಿ ಊರಿನ ಹೊಲ ಮಾರುವ ಮಾತಾಡುತ್ತಿದ್ದೀರಿ. ಸಹಿ ಹಾಕುವ ಮೊದಲು ಒಮ್ಮೆ ಮಳೆಗಾಲದಲ್ಲಿ ಊರಿಗೆ ಬನ್ನಿರಿ. ನೀರು ಯಾವ ದಾರಿಯಲ್ಲಿ ಹರಿಯುತ್ತದೆ ಎಂಬುದನ್ನು ನಿಂತು ನೋಡಿ ಹೋಗಿರಿ. ನಮ್ಮ ಮನೆಯಲ್ಲಿ ಚಹಾ ಇದ್ದೇ ಇರುತ್ತದೆ.